ಕಟ್ಟದೆ ಬಿಟ್ಟ ಗೆರೆ

ಫೆಬ್ರುವರಿ 1, ಶನಿವಾರ

ಈ ಪುಸ್ತಕದ ಮೊದಲ ಅರ್ಧ ಕ್ಯಾಡ್ ಕ್ಲಾಸಿನ ನೋಟ್ಸು. ಮಿಕ್ಕಿದ ಹಾಳೆ ಸುಮ್ನೆ ಹಾಳಾಗ್ತವೆ ಅಂತ ಬರೀತಾ ಇದೀನಿ. ಯಾರೂ ಓದಂಗಿಲ್ಲ. ಓದಿದ್ರೆ ಅವರ ಹಣೆಬರ.

ಇವತ್ತು ಓನರ್ರು ಜಂಬುಲಿಂಗಪ್ಪನೋರು ಅಂಗಡಿಯಾಗೆ ಎಲ್ಲರ ಮುಂದೆ, "ವನಜಾಕ್ಷಿ ಇನ್ಮೇಲೆ ಬಿಲ್ ಬರಿಯೋಳಲ್ಲ ಕಣ್ರಪ್ಪ, ನಮ್ಮ ಡಿಸೈನರ್ರು" ಅಂದ್ರು. ನಾನು ಏನೂ ಆಗದೋಳಂಗೆ ಮುಖ ಮಾಡ್ಕಂಡು ಸ್ಟೇಪ್ಲರ್ ಹುಡುಕಿದೆ. ಒಳಗೆ ಮಾತ್ರ ಕುಣೀತಿದ್ದೆ. ನಮ್ದು ಚಳ್ಳಕೆರೆಯಾಗೆ ಗ್ರಿಲ್ಲು ಗೇಟು ಮಾಡೋ ಅಂಗಡಿ. ಕಂಪ್ಯೂಟರ್ ಹೇಳ್ದಂಗೆ ಕಬ್ಬಿಣ ಕೊಯ್ಯೋ ಮಿಷನ್ ತಂದ ಮೇಲೆ ಓನರ್ರಿಗೆ ಗೊತ್ತಾತು, ಅದಕ್ಕೆ ಬಾಯಿಮಾತು ತಿಳಿಯಂಗಿಲ್ಲ, ಡ್ರಾಯಿಂಗೇ ಬೇಕು ಅಂತ. ನನ್ನನ್ನ ಕ್ಲಾಸಿಗೆ ಅಟ್ಟಿದ್ರು. ಮೂವತ್ನಾಲ್ಕು ವರ್ಷಕ್ಕೆ ಬೆಂಚಿನ ಮೇಲೆ ಕುಂತು, ನನಗಿಂತ ಹತ್ತು ವರ್ಷ ಚಿಕ್ಕೋಳು ಸ್ವಪ್ನ ಮೇಡಂ ಕೈಲಿ "ವನಜಕ್ಕ, ಮೌಸ್ ಹಂಗೆ ಹಿಸುಕಬ್ಯಾಡ್ರಿ" ಅನ್ನಿಸ್ಕಂಡೆ.

ಆ ಹುಡುಗಿ ಹೇಳಿದ್ದು ಒಂದೇ ಪಾಠ, ದಿನಾ ಅದನ್ನೇ ಹೇಳಿದ್ಲು. ಗೆರೆ ಎಳೆಯೋದು ದೊಡ್ಡದಲ್ಲ, ಕಟ್ಟು ಹಾಕೋದು ದೊಡ್ಡದು. ನೀನು ನೆಟ್ಟಗೆ ನಿಲ್ಲು, ನೀನು ಪಕ್ಕದೋನಿಂದ ಇಷ್ಟು ಇಂಚು ದೂರ ಇರು ಅಂತ ಪ್ರತಿ ಗೆರೆಗೂ ಹೇಳಬೇಕು. ಹೇಳಿದ್ರೆ ಗೆರೆ ಕಪ್ಪಾಗ್ತದೆ, ಬಿಟ್ರೆ ನೀಲಿ ಉಳೀತದೆ. ನೀಲಿ ಗೆರೆ ಈಗ ಇದ್ದ ಜಾಗದಾಗೆ ಆಮೇಲೂ ಇರ್ತದೆ ಅಂತ ನಂಬಂಗಿಲ್ಲ.

ಮೊದಲ್ನೇ ದೊಡ್ಡ ಕೆಲಸ ನಮ್ಮ ಹಟ್ಟಿದೇ ಸಿಕ್ತು, ದೇವಸಮುದ್ರದ ಆಚೆದು. ದೇವರಿಗೆ ಬಿಟ್ಟ ದನ ಕೂಡೋ ಮುಳ್ಳುಬೇಲಿ ರೊಪ್ಪದಾಗೆ, ಮೇವು ಹಾಕೋ ಗ್ವಾದಲಿ ಮುಂದೆ ಕಂಬಿ ಸಾಲು. ಮೇವು ನೆಲಕ್ಕೆ ಹಾಕಿದ್ರೆ ಅರ್ಧ ತುಳಿದು ಹಾಳು ಮಾಡ್ತವೆ. ಬಾಯಿ ಹೋಗಬೇಕು, ತಲೆ ಹೋಗಬಾರದು, ಹಂಗಿರಬೇಕು ಸಂದಿ. ಆರು ಇಂಚು ಇಟ್ಟೆ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಎರಡಕ್ಕೂ ಮಿಷನ್ ತೂತು ಕೊರೀತದೆ, ನಮ್ಮ ವೆಲ್ಡರ್ ಅಮರೇಶ ಕಂಬಿ ತೂರಿಸಿ ಬೆಸೀತಾನೆ. ಓನರ್ರು ದೇವರ ಸೇವೆ ಅಂತ ಮಾಡಿಸಿ ಕೊಡ್ತಾ ಇದಾರೆ.

ಸಂಜೆ ಹೊರಡೋ ಹೊತ್ತಿಗೆ, "ಎಂಟಡಿ ಸಾಲಂಗಿಲ್ಲವಂತೆ, ಹತ್ತಡಿ ಮಾಡು" ಅಂದ್ರು. ಒಂದು ಗೆರೆ ನೀಲಿ ಇದ್ದದ್ದು ಅಷ್ಟೊತ್ತಿಗೇ ಕಣ್ಣಿಗೆ ಬಿದ್ದಿತ್ತು. ಕೆಳಗಿನ ತುದಿಗೆ ಅಳತೆ ಕೊಟ್ಟಿದ್ದೆ, ಮೇಲಿನ ತುದಿ ಕಣ್ಣಂದಾಜಿಗೆ ಎಳೆದಿದ್ದೆ. ಕಾಣಾಕೆ ನೆಟ್ಟಗೇ ಇತ್ತು. ಇವತ್ತು ನಮ್ಮ ಬೀದಿಗೆ ನಲ್ಲಿ ನೀರು ಬಿಡೋ ದಿನ, ತಪ್ಪಿದ್ರೆ ಇನ್ನು ಯಾವತ್ತೋ. ಉದ್ದ ತಿದ್ದಿ, ನಾಕು ಕಂಬಿ ಸೇರಿಸಿ, ಫೈಲು ಮಿಷನ್ನಿಗೆ ಕಳಿಸಿ ಓಡಿ ಬಂದೆ. ಬಿಂದಿಗೆ ತುಂಬಿಸ್ಕಂಡೆ.

ಫೆಬ್ರುವರಿ 6, ಗುರುವಾರ

ಯರ್ರಪ್ಪ ಮಾವ ಕಂಬಿ ಒಯ್ಯಾಕೆ ಬಂದಿದ್ದ. ಅವ್ವನ ತಮ್ಮ, ದೇವರ ದನ ಕಾಯೋ ಕಿಲಾರಿ. ಬರಿಗಾಲು, ಹೆಗಲಿಗೆ ಕಂಬಳಿ, ಕೈಯಾಗೆ ಕಿಲಾರಿ ಕೋಲು. ಅಮರೇಶ ಕೈ ತೊಳಕಂಡು ಬಂದು ಕಾಲಿಗೆ ಬಿದ್ದ. ಮಾವನಿಗೆ ಅದೆಲ್ಲ ಸಂಕೋಚ. ಮದುವೆ ಆಗ್ಲಿಲ್ಲ, ಮನೆ ಮಾಡ್ಲಿಲ್ಲ, ನನಗೆ ಬುದ್ಧಿ ಬಂದಾಗಿನಿಂದ ದನದ ಜೊತೆಗೇ ಮಲಗಿ ಏಳೋನು.

ಒಂದೊಂದು ಕಂಬಿನೂ ಸವರಿ ನೋಡಿದ. "ಇದನ್ನ ನೀನೇ ಗೀಚಿದ್ದಾ?" ಅಂದ.

"ಗೀಚಿದ್ದಲ್ಲ ಮಾವ, ಡಿಸೈನ್ ಮಾಡಿದ್ದು."

"ಅದೇ ಅದೇ," ಅಂತ ನಕ್ಕ.

ಹೊತ್ತಿಗೆ ಮುಂಚೆ ಹೊರಟಿದ್ನಂತೆ, ಬಾಯಿ ಒಣಗಿತ್ತು. ಪಕ್ಕದ ಹೋಟ್ಲಿನಿಂದ ಟೀ ತರಿಸಿದೆ. "ಬ್ಯಾಡ ಕಣವ್ವ, ಹೊರಗಿನ ಒಲೆದು ಕಿಲಾರಿ ಮುಟ್ಟಂಗಿಲ್ಲ" ಅಂದ. ನನಗೂ ಗೊತ್ತಿತ್ತು. ಆದ್ರೆ ನನ್ನ ಮೊದಲ ಕೆಲಸ, ನಮ್ಮೋರು ಅಂತ ಬಂದಿರೋನು ಅವನೊಬ್ಬನೇ. "ದೇವರು ಲೋಟ ಎಣಿಸ್ಕಂತ ಕುಂತಿರ್ತಾನಾ ಮಾವ? ನನಗೋಸ್ಕರ ಒಂದು ಗುಟುಕು" ಅಂದೆ. ಮುಖ ಸಣ್ಣಗೆ ಮಾಡಿದೆ. ಕುಡಿದ. ಟ್ರ್ಯಾಕ್ಟರ್ ಮೇಲಿದ್ದ ಹಟ್ಟಿಯೋರಿಬ್ಬರು ನೋಡಿ ನೋಡದಂಗೆ ಮುಖ ತಿರುಗಿಸಿದ್ರು.

ಗಂಡನ ಮನೆ ಬಿಟ್ಟು ಬಂದಾಗ ಊರಿಗೆ ಊರೇ ನನಗೆ ಬುದ್ಧಿ ಹೇಳಾಕೆ ಬಂತು. ಅವ್ವ ಸೈತ ಬಾಗಿಲಾಗೇ ನಿಲ್ಲಿಸಿದ್ಲು. ಮಾವ ಮಾತ್ರ ರೊಪ್ಪದ ಹತ್ರದಿಂದ ಬಂದು, "ಹಸಕಂಡು ಬಂದೈತೆ ಮಗು, ಮೊದ್ಲು ಮುದ್ದೆ ಹಾಕು" ಅಂದಿದ್ದ. ಆಮೇಲೆ ಇವತ್ತಿನ ತನಕ ಯಾಕೆ ಬಿಟ್ಟೆ ಅಂತ ಕೇಳಿಲ್ಲ. ಅಂಥೋನಿಗೆ ಒಂದು ಲೋಟ ಟೀ ಕುಡಿಸಬಾರದಾ.

ಫೆಬ್ರುವರಿ 9, ಭಾನುವಾರ

ಅವ್ವನ ಫೋನು. ಕಂಬಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ನಿಲ್ಲಿಸಿದ್ರಂತೆ. ಯಜಮಾನ ಚಿಕ್ಕೀರಪ್ಪನೋರು ಎಲ್ಲರ ಎದುರಿಗೆ, "ಬೊಮ್ಮಕ್ಕನ ಮಗಳು ಹಟ್ಟಿ ಹೆಸರು ಉಳಿಸಿದ್ಲು" ಅಂದ್ರಂತೆ. ಗಂಡ ಬಿಟ್ಟೋಳು ಅಂತ ನನ್ನ ಕಂಡ್ರೆ ಸೆರಗು ಅತ್ಲಾಗೆ ಎಳ್ಕಳೋ ಹೆಂಗಸರೂ ಅವ್ವನ್ನ ಕರೆದು ಮಾತಾಡ್ಸಿದ್ರಂತೆ. ಇರ್ಲಿ, ಮಾತಾಡ್ಸಲಿ.

ಫೆಬ್ರುವರಿ 14, ಶುಕ್ರವಾರ

ಬೆಳಗಿನ ಜಾವ ದೇವರ ಕರ ಒಂದು ಕಂಬಿಯಾಗೆ ಕುತ್ತಿಗೆ ಸಿಕ್ಕಿ ಸತ್ತೈತೆ. ಅವ್ವ ಫೋನ್ ಮಾಡಿದ್ಲು.

ನನ್ನ ಬಾಯಿಂದ ಮೊದ್ಲು ಬಂದ ಮಾತು, "ಯಾವ ಕಂಬಿ?"

"ಯಾವ್ದಾದ್ರೇನೇ, ಕರ ಹೋತಲ್ಲ" ಅಂದ್ಲು.

ಫೆಬ್ರುವರಿ 15, ಶನಿವಾರ

ಹಟ್ಟಿಗೆ ಹೋಗಿ ಬಂದೆ. ನಾನು ಮುಟ್ಟೋ ಹೊತ್ತಿಗೆ ಮಣ್ಣಾಗಿತ್ತು. ಮನುಷ್ಯರಿಗೆ ಮಾಡ್ದಂಗೇ ಮಾಡಿದ್ರಂತೆ, ಹೊಸ ಬಟ್ಟೆ ಹೊದಿಸಿ, ಹೂ ಹಾಕಿ, ಹೆಂಗಸರೆಲ್ಲ ಅತ್ತು. ತಾಯಿ ಹಸು ಆ ಗುಣಿ ಹತ್ರಾನೇ ನಿಂತಿತ್ತು.

ರೊಪ್ಪದ ಹೊರಗೆ ನಿಂತೇ ನನಗೆ ಕಾಣ್ತು. ಬಲಗಡೆಯಿಂದ ಮೂರನೇ ಕಂಬಿ. ಕೆಳಗೆ ಸರಿಯಾಗೈತೆ, ಮೇಲೆ ಮೂರು ಇಂಚು ಅತ್ಲಾಗೆ ವಾಲೈತೆ. ಸಂದಿ ಮೇಲೆ ಅಗಲ, ಕೆಳಕ್ಕೆ ಬಂದಂಗೆ ಇಕ್ಕಟ್ಟು. ಕರ ಮೇಲೆ ಅಗಲ ಇದ್ದ ಕಡೆ ತಲೆ ತೂರಿಸೈತೆ. ಮೇವಿಗೆ ಬಗ್ಗಿದಾಗ ಕುತ್ತಿಗೆ ಕೆಳಕ್ಕೆ ಇಳಿದು ಹಿಡ್ಕಂಡೈತೆ. ಹಿಂದಕ್ಕೆ ಎಳೆದಷ್ಟೂ ಬಿಗಿಯಾಗೈತೆ. ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದ್ರೆ ಹಟ್ಟಿಯಾಗೆ ಕಂಬಿ ಮಾತೇ ಯಾರೂ ಎತ್ತಲಿಲ್ಲ. ಅವರ ಮಾತೆಲ್ಲ ಟೀದು. ಕಿಲಾರಿ ಹೊರಗಿನ ಒಲೆದು ಮುಟ್ಟಿದ್ದಾನೆ, ದೇವರು ತೋರಿಸಿಕೊಟ್ಟಿದ್ದಾನೆ. ಮಾವ ಗುಡಿ ಹಿಂದೆ ಕುಂತಿದ್ದ. ನಾನು ಹತ್ರ ಹೋದ್ರೆ, "ಊಟ ಮಾಡಿದ್ಯೇನವ್ವ?" ಅಂತ ಕೇಳಿದ.

ಶಿವರಾತ್ರಿಗೆ ಮುಂಚಿನ ಸೋಮವಾರ ಯಜಮಾನ್ರು ಕಟ್ಟೆ ಮೇಲೆ ಕೂರ್ತಾರಂತೆ. ಮಾವನ ಕೈಯಿಂದ ಕೋಲು ಇಸ್ಕಬೇಕಾ ಬ್ಯಾಡ್ವಾ ಅಂತ ಅವತ್ತು ತೀರ್ಮಾನ. ಕೋಲು ಹೋದ್ರೆ ಕಿಲಾರಿತನ ಹೋತು, ಆಮೇಲೆ ದೇವರ ದನ ಮುಟ್ಟಂಗಿಲ್ಲ, ರೊಪ್ಪದೊಳಗೆ ಕಾಲಿಡಂಗಿಲ್ಲ.

ನಾನು ಊಟ ಮಾಡಿದ್ದೀನಿ ಅಂತ ಸುಳ್ಳು ಹೇಳಿ ಬಸ್ ಹತ್ತಿದೆ.

ಫೆಬ್ರುವರಿ 16, ಭಾನುವಾರ

ಯೋಚನೆ ಮಾಡಿ ನೋಡಿದೆ. ಡ್ರಾಯಿಂಗ್ ಸ್ವಲ್ಪ ಆಚೆ ಈಚೆ ಆಗಿರಬಹುದು. ಬೆಸೆಯೋ ಅಮರೇಶನಿಗೆ ಕಣ್ಣಿರಲಿಲ್ವಾ? ನಿಲ್ಲಿಸಿದ ಹಟ್ಟಿಯೋರಿಗೆ ಇರಲಿಲ್ವಾ? ಆ ಸಾಫ್ಟ್‌ವೇರಾದ್ರೂ ಕೆಂಪಗೆ ಕಿರುಚಬೇಕಿತ್ತು, ನೀಲಿ ಬಣ್ಣ ತೋರಿಸಿದ್ರೆ ಯಾರಿಗೆ ತಿಳೀತದೆ? ಓನರ್ರು ಹೊರಡೋ ಹೊತ್ತಿಗೆ ಬಂದು ಹತ್ತಡಿ ಅಂದಿದ್ದಕ್ಕಲ್ವಾ ಇದೆಲ್ಲ?

ಇನ್ನೊಂದು. ದೇವರ ವಿಚಾರ ನಮಗೇನು ಗೊತ್ತು. ಟೀ ಕುಡಿದದ್ದೇ ಕಾರಣ ಇರಬಹುದು. ಅಷ್ಟು ಕಂಬಿ ಇದ್ವು, ಆ ಕರ ಅದೇ ಸಂದಿಗೆ ಯಾಕೆ ಹೋಗಬೇಕಿತ್ತು?

ಬರೆದಿದ್ದನ್ನ ತಿರುಗಿ ಓದಿದೆ. ಕುಣಿಯಾಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಆ ಟೀ ಕುಡಿಸಿದೋಳೂ ನಾನೇ.

ಫೆಬ್ರುವರಿ 18, ಮಂಗಳವಾರ

ಓನರ್ರು ಬೆಳಿಗ್ಗೇನೇ ಬಂದು, "ನಿಮ್ಮ ಹಟ್ಟಿ ಕಂಬಿ ನೋಡಿ ಪರಶುರಾಂಪುರದ ಕುರಿ ಸಾಕೋರು ಒಬ್ಬರು ಕೇಳ್ಯಾರೆ. ಅದೇ ಫೈಲು ಹಾಕ್ಸಿಬಿಡು" ಅಂದ್ರು. ಕರ ಸತ್ತದ್ದು ಅವರಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.

ನಾನು ಇಲ್ಲಿ ಕುಂತು ಯಾರ ಮೇಲೆ ಹಾಕಾನ ಅಂತ ಲೆಕ್ಕ ಹಾಕ್ತಿದ್ದೆ, ಆ ಫೈಲು ಅಲ್ಲೇ ಬಾಯಿ ತಕ್ಕಂಡು ಕುಂತಿತ್ತು.

ತೆಗೆದು ನೋಡಿದೆ. ಅವತ್ತು ಉದ್ದ ತಿದ್ದಿದ ಮೇಲೆ ನಾನು ಒಂದು ಸಲಾನೂ ತಿರುಗಿ ನೋಡಿಲ್ಲ. ಉದ್ದ ಬದಲಾದಾಗ ಕಟ್ಟು ಹಾಕಿದ ಗೆರೆಗಳೆಲ್ಲ ಹೇಳಿದ ಜಾಗದಾಗೇ ನಿಂತವೆ. ಕಟ್ಟದೆ ಬಿಟ್ಟದ್ದರ ಮೇಲಿನ ತುದಿ ಮಾತ್ರ ಸರಿದೈತೆ. ಮೌಸ್‌ನಾಗೆ ಹಿಡಿದು ಎಳೆದೆ, ಎಳೆದ ಕಡೆ ಬಂತು. ಬಿಟ್ಟೆ, ಬಿಟ್ಟ ಕಡೆ ನಿಂತ್ಕಂತು. ಅದಕ್ಕೆ ಯಾರೂ ಏನೂ ಹೇಳಿಲ್ಲ, ಅದೇನು ಮಾಡೀತು.

'ವರ್ಟಿಕಲ್' ಅಂತ ಒಂದು ಕಟ್ಟು ಕೊಟ್ಟೆ. ನೆಟ್ಟಗಾತು, ಕಪ್ಪಾತು. ಒಂದು ಕ್ಲಿಕ್ಕು, ಅಷ್ಟೇ. ಅವತ್ತು ಇದನ್ನ ಮಾಡಿದ್ರೂ ನಲ್ಲಿ ನೀರು ಸಿಕ್ತಿತ್ತು.

ಕುರಿಗೆ ಸಂದಿ ಇನ್ನೂ ಸಣ್ಣ ಬೇಕಲ್ಲ, ಎಲ್ಲಾನೂ ತಿದ್ದಿದೆ. ಸೇವ್ ಮಾಡಿದ ಮೇಲೆ ಹೊಳೀತು, ಈಗ ಯಾರು ಈ ಫೈಲು ತೆಗೆದ್ರೂ ತಪ್ಪೇ ಇಲ್ಲ. ಎಲ್ಲಾ ಕಪ್ಪು. ಒಂದು ಗಳಿಗೆ ಹಾಯನಿಸ್ತು. ಆಮೇಲೆ ಹಂಗೆ ಅನ್ನಿಸಿದ್ದಕ್ಕೆ ನಾಚಿಕೆ ಆತು. ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಅಮರೇಶನ್ನ ಕೇಳಿದೆ, "ಲೇ, ಆ ಕಂಬಿ ಸೊಟ್ಟ ಬಂದಿದ್ದು ಕಾಣ್ಲಿಲ್ವೇನೋ?"

"ಕಾಣ್ತಕ್ಕ. ಡಿಸೈನೇ ಹಂಗಿರಬೇಕು ಅಂದ್ಕಂಡೆ. ನೀವು ಓದ್ಕಂಡು ಮಾಡಿದ್ದು, ನಾನು ಕೇಳಿದ್ರೆ ಉಗೀತಿದ್ರಿ."

ಉಗಿದೆ ಅವನಿಗೆ ಅವಾಗ್ಲೂ. ಬಾಯಿಗೆ ಬಂದಂಗೆ ಬೈದೆ. ಅವನು ಮುಖದ ಮೇಲೆ ವೆಲ್ಡಿಂಗ್ ಗ್ಲಾಸ್ ಎಳಕಂಡು ಕೆಲಸಕ್ಕೆ ಕುಂತ.

ಫೆಬ್ರುವರಿ 19, ಬುಧವಾರ

ಅಮರೇಶನ ಹತ್ರ ಹೋಗಿ ತಪ್ಪಾತು ಅಂದೆ. "ಬಿಡಕ್ಕ, ದಿನಾ ಬೈತೀರಲ್ಲ" ಅಂದ. ಅದೊಂದು ಬ್ಯಾರೆ.

ಫೆಬ್ರುವರಿ 21, ಶುಕ್ರವಾರ

ಸ್ವಪ್ನ ಮೇಡಂ ಬಸ್ ಸ್ಟ್ಯಾಂಡಿನಾಗೆ ಸಿಕ್ಕಿದ್ಲು. "ಹೆಂಗೈತ್ರಿ ಅಕ್ಕ ಡ್ರಾಯಿಂಗು? ಎಲ್ಲಾ ಕಪ್ಪಾಗ್ತಾ ಐತಾ?" ಅಂತ ನಗ್ತಾ ಕೇಳಿದ್ಲು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕಂಡ್ನಂತೆ, ಹಂಗಾತು. ಇವಳಿಗೆ ಯಾರು ಹೇಳಿದ್ರು ಅಂತ ಅವಳ ಮುಖಾನೇ ನೋಡಿದೆ. ಯಾರೂ ಹೇಳಿಲ್ಲ. ಸುಮ್ನೆ ಕೇಳಿದ್ಲು ಪಾಪ. ಆಗ್ತಾ ಐತೆ ಅಂದೆ.

ಬಸ್‌ನಾಗೆ ಹಟ್ಟಿಯ ಹೆಂಗಸೊಬ್ಬಳು ಪಕ್ಕ ಕುಂತು, "ನಿಮ್ಮ ಮಾವನ ನಾಲಿಗೆ ಚಪಲಕ್ಕೆ ಕರ ಹೋತು ನೋಡು" ಅಂದ್ಲು. ನಾನು ಕಿಟಕಿ ಕಡೆ ತಿರುಗಿದೆ. ಅವನು ಕುಡೀಲಿಲ್ಲ, ನಾನು ಕುಡಿಸಿದೆ ಅಂತ ಹೇಳಾಕೆ ಎಷ್ಟು ಹೊತ್ತು ಬೇಕಿತ್ತು? ಸ್ಟಾಪ್ ಬರೋತನಕ ಹೇಳಬೇಕು ಅಂತ ಇದ್ದೆ. ಸ್ಟಾಪ್ ಬಂತು, ಅವಳು ಇಳಿದು ಹೋದ್ಲು.

ಫೆಬ್ರುವರಿ 23, ಭಾನುವಾರ, ಅವ್ವನ ಮನೆ

ಅವ್ವನಿಗೆ ಎಲ್ಲಾ ಹೇಳಿದೆ. ನೀಲಿ ಗೆರೆ, ಕಟ್ಟು, ನಲ್ಲಿ ನೀರು, ಎಲ್ಲಾ. ಅವಳಿಗೆ ಎಷ್ಟ್ರ ಮಟ್ಟಿಗೆ ತಿಳೀತೋ ಗೊತ್ತಿಲ್ಲ, ಕಂಬಿ ಸೊಟ್ಟ ಆಗಿದ್ದು ನನ್ನಿಂದ ಅನ್ನೋದು ತಿಳೀತು. ರೊಟ್ಟಿ ತಟ್ಟೋದು ನಿಲ್ಲಿಸಿ ಕುಂತ್ಲು.

"ನಾಳೆ ಕಟ್ಟೆ ಮುಂದೆ ಹೇಳ್ತೀನಿ" ಅಂದೆ.

"ಊರ್ಕೋವೇ, ಸುಮ್ನಿರು" ಅಂದ್ಲು. "ಚಿಕ್ಕೀರಪ್ಪನೋರ ಹತ್ರ ಮಾತಾಡಿ ಬಂದೀನಿ. ಟೀ ಮೈಲಿಗೆ ಹೋಗಾಕೆ ತಲೆ ಮೇಲೆ ನೀರು ಹಾಕ್ಸಿ, ಕಾಯಿ ಒಡೆಸಿ ಒಳಗೆ ಕರ್ಕಂತಾರೆ. ಕೋಲು ಅವನ ಕೈಯಾಗೇ ಇರ್ತದೆ. ನೀನು ಬಾಯಿ ಹಾಕಬ್ಯಾಡ."

"ಅವರ ಮಾತು ನಂಬ್ತೀಯಾ? ಅಲ್ಲಿ ನಾಕು ಜನ ಕೋಲು ಇಸ್ಕಳ್ರಿ ಅಂತ ಕೂಗ್ತಾರೆ."

"ಕೂಗ್ತಾರೆ, ಕೂತ್ಕಂತಾರೆ. ನಮ್ಮ ಜನ ನಿನಗಿಂತ ನನಗೆ ಗೊತ್ತು."

ಅವಳಿಗೆ ಮಗಳ ಮರ್ಯಾದೆ ಚಿಂತೆ. ಮೊನ್ನೆ ಮೊನ್ನೆ ನಾಕು ಜನ ಕರೆದು ಮಾತಾಡ್ಸಾಕೆ ಶುರು ಮಾಡಿದ್ರಲ್ಲ, ಅದು ಹೋಗ್ತದೆ ಅಂತ. ನನಗೆ ಸಿಟ್ಟು ಬಂತು. ತಮ್ಮ ಮಾಡದ ತಪ್ಪಿಗೆ ತಲೆ ಮೇಲೆ ನೀರು ಹಾಕಿಸ್ಕಳ್ಲಿ, ಮಗಳು ಮಾತ್ರ ಡಿಸೈನರ್ ಆಗಿರ್ಲಿ. ಇದು ನ್ಯಾಯಾನಾ? ನಾಳೆ ಹೇಳೇ ಹೇಳ್ತೀನಿ.

ಫೆಬ್ರುವರಿ 25, ಮಂಗಳವಾರ

ನಿನ್ನೆ ಬರಿಯಾಕೆ ಆಗ್ಲಿಲ್ಲ. ಇವತ್ತು ಇದ್ದದ್ದು ಇದ್ದಂಗೆ ಬರೀತೀನಿ.

ಗುಡಿ ಮುಂದಿನ ಕಟ್ಟೆ ಮೇಲೆ ಯಜಮಾನ್ರು, ಕೆಳಗೆ ಹಟ್ಟಿ ಜನ, ಒಂದು ಕಡೆ ಹೆಂಗಸರು. ಮಾವ ಕೋಲು ಹಿಡ್ಕಂಡು ದೇವರ ಕಡೆ ಮುಖ ಮಾಡಿ ನಿಂತಿದ್ದ. ಟೀ ಕುಡಿದ್ಯಾ ಅಂತ ಕೇಳಿದ್ರು, ಹೂಂ ಅಂದ. ಯಾರು ಕೊಟ್ರು ಅಂದ್ರೆ ಹೇಳಲಿಲ್ಲ. ಕೋಲು ಇಸ್ಕಳ್ರಿ ಅಂತ ಹಿಂದಿನಿಂದ ಒಬ್ಬಿಬ್ಬರು ಕೂಗಿದ್ರು. ಚಿಕ್ಕೀರಪ್ಪನೋರು ಕೈ ಎತ್ತಿ ಏನೋ ಹೇಳಾಕೆ ಹೊರಟ್ರು.

ನಾನು ಎದ್ದು ನಿಂತೆ. ಅವ್ವ ಸೀರೆ ಹಿಡಿದು ಎಳೆದ್ಲು, ಬಿಡಿಸ್ಕಂಡೆ.

"ಟೀ ಕುಡಿಸಿದೋಳು ನಾನು. ಆದ್ರೆ ಕರ ಸತ್ತದ್ದು ಟೀಯಿಂದ ಅಲ್ರಿ. ಆ ಮೂರನೇ ಕಂಬಿ ವಾಲೈತೆ. ಅದನ್ನ ಹಂಗೆ ಬರೆದೋಳು ನಾನು. ಗೆರೆಗೆ ಕಟ್ಟು ಹಾಕಿಲ್ಲ ಅಂತ ಅವತ್ತೇ ನೋಡಿದ್ದೆ, ಮನೆಗೆ ಹೋಗೋ ಅವಸರಕ್ಕೆ ಹಂಗೇ ಬಿಟ್ಟೆ. ಮಾವಂದು ಇದ್ರಾಗೆ ಏನೂ ಇಲ್ಲ. ಏನು ಶಿಕ್ಷೆ ಕೊಡ್ತೀರೋ ನನಗೆ ಕೊಡ್ರಿ."

ಇಬ್ಬರು ಹುಡುಗರು ರೊಪ್ಪಕ್ಕೆ ಹೋಗಿ ನೋಡ್ಕಂಡು ಬಂದು, ಹೌದು ವಾಲೈತೆ, ಮೇಲೆ ಅಗಲ ಐತೆ ಅಂದ್ರು. ಚಿಕ್ಕೀರಪ್ಪನೋರ ಮುಖ ಸಡಿಲಾತು. ನಾನು ಗೆದ್ದೆ ಅಂದ್ಕಂಡೆ. ಹೌದು, ಹಂಗೇ ಅಂದ್ಕಂಡೆ, ಗೆದ್ದೆ ಅಂತ.

ಅವರು ಮಾವನ ಕಡೆ ತಿರುಗಿ ಕೇಳಿದ್ರು, "ಹಂಗಾದ್ರೆ ಇದು ಕಬ್ಬಿಣದ ತಪ್ಪು. ಯರ್ರಪ್ಪ, ನೀನು ಹಗಲೂ ರಾತ್ರಿ ಅಲ್ಲೇ ಇರೋನು. ವಾಲಿದ್ದು ನಿನಗೂ ಕಾಣ್ಲಿಲ್ಲ, ಅಲ್ವಾ?"

ಇಲ್ಲ ಅಂದಿದ್ರೆ ಮುಗೀತಿತ್ತು. ಅವರು ಆ ಉತ್ತರಾನೂ ಅವರೇ ಕೊಟ್ಟಿದ್ರು, ಇವನು ತಲೆ ಆಡಿಸಿದ್ರೆ ಸಾಕಿತ್ತು. ನಾನು ದೂರದಿಂದ ಕಣ್ಣಾಗೇ ಬೇಡ್ಕಂಡೆ. ಕೋಲು ಕೈಯಾಗಿರೋ ಕಿಲಾರಿ ದೇವರ ಮುಂದೆ ಸುಳ್ಳಾಡಂಗಿಲ್ಲ.

"ಕಂಡಿತ್ತು" ಅಂದ.

"ಯಾವಾಗ?"

"ಚಳ್ಳಕೆರೆಯಾಗೇ, ಅಂಗಡಿಯಾಗೇ ಕಂಡಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಮಾವ ನನ್ನ ಕಡೆ ನೋಡದೇನೇ ಹೇಳಿದ. "ಹುಡುಗಿ ಭಾಳ ಖುಷಿಯಾಗಿತ್ತು. ಸೊಟ್ಟ ಐತೆ ಅಂತ ಹೆಂಗೆ ಹೇಳ್ಲಿ. ಇಲ್ಲಿ ನೀವೆಲ್ಲ ಮೊದಲ್ನೇ ಸಲ ಅವಳನ್ನ ಹೊಗಳಿದ್ರಿ, ಆಮೇಲಂತೂ ಬಾಯೇ ಬರ್ಲಿಲ್ಲ. ಆ ಸಂದಿಗೆ ದಿನಾ ಸಂಜೆ ಅಡ್ಡ ಹಗ್ಗ ಕಟ್ತಿದ್ದೆ. ಅವತ್ತು ಒಂದು ಹಸು ಮೇವಿಂದ ತಿರುಗಿ ಬಂದಿರಲಿಲ್ಲ, ಹುಡುಕಾಕೆ ಹೋದೆ. ಕಟ್ಟೋದು ಮರೆತೆ." ಕೈಯಾಗಿನ ಕೋಲು ನೋಡ್ಕಂಡು, "ದನದ ಮುಖ ನೋಡಬೇಕಾದೋನು ಮನುಷ್ಯರ ಮುಖ ನೋಡಿದೆ" ಅಂದ.

ಯಾರೂ ಕೇಳದೇನೇ ಕೋಲು ಕಟ್ಟೆ ಮೇಲೆ ಇಟ್ಟ. ಚಿಕ್ಕೀರಪ್ಪನೋರು "ಯರ್ರಪ್ಪ, ತಡಿಯೋ" ಅಂದ್ರು. ಇವನು ಕೈ ಮುಗಿದು ಹಿಂದಕ್ಕೆ ಸರಿದ.

ಮನೆಗೆ ಬಂದ ಮೇಲೆ ಅವ್ವ ನನಗೆ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಕೈ ಎತ್ತಿದ್ರಲ್ಲ ಚಿಕ್ಕೀರಪ್ಪನೋರು, ನೀರು ಹಾಕ್ಸಿ ಒಳಗೆ ಕರ್ಕಳಾನ ಅಂತ ಹೇಳಾಕೆ ಕಣೇ ಎತ್ತಿದ್ದು" ಅಂದ್ಲು, ಅಷ್ಟೇ.

ಫೆಬ್ರುವರಿ 27, ಗುರುವಾರ

ಓನರ್ರಿಗೆ ಎಲ್ಲಾ ಹೇಳಿದೆ. ಬೈದ್ರು. ಬೈಸ್ಕಂಡೆ. ಭಾನುವಾರ ಜನರೇಟರು, ಅಮರೇಶ, ಟೆಂಪೋ ಕಳಿಸ್ತೀನಿ, ಹೋಗಿ ಸರಿ ಮಾಡಿ ಬಾ ಅಂದ್ರು.

ಮೇಲಿನ ಪಟ್ಟಿ ಹೊಸದಾಗಿ ಬರೆದೆ. ಒಂದೊಂದು ಗೆರೆನೂ ಹಿಡಿದು ಎಳೆದು ನೋಡಿದೆ, ಒಂದೂ ಅಲ್ಲಾಡಲಿಲ್ಲ. ಕೊಯ್ಯೋಕೆ ಮುಂಚೆ ಅಮರೇಶನ್ನ ಕರೆದು, ನಿನಗೇನಾದ್ರೂ ಕಾಣ್ತದಾ ನೋಡು ಅಂದೆ. ಅವನು ಪರದೆಗೆ ಮೂಗು ತಾಗಿಸಿ ಒಂದೊಂದಾಗಿ ನೋಡಿದ. ಬೀದಿಯಾಗೆ ನೀರು ಬಂದು ಹೋತಂತೆ, ಪಕ್ಕದ ಮನೆಯೋಳು ಹೇಳಿದ್ಲು.

ಫೆಬ್ರುವರಿ 28, ಶುಕ್ರವಾರ

ಅವ್ವನ ಫೋನು. ಮಾವ ಅವಳ ಮನೆ ಜಗಲಿ ಮೇಲೆ ಮಲಗ್ತಾನಂತೆ. ಒಳಗೆ ಬಾ ಅಂದ್ರೆ ಉಸಿರು ಕಟ್ತದೆ ಅಂತಾನಂತೆ. ನಸುಕಿಗೇ ಎದ್ದು ಕಂಬಳಿ ಹೊದ್ಕಂಡು ರೊಪ್ಪದ ದಾರಿ ಹಿಡೀತಾನಂತೆ. ಅರ್ಧಕ್ಕೆ ಹೋಗಿ ನೆನಪಾಗಿ ತಿರುಗಿ ಬರ್ತಾನಂತೆ.

ಅವನಿಗೋಸ್ಕರ ಹೇಳ್ತೀನಿ ಅಂದ್ಕಂಡಿದ್ದೆ. ಅವನಿಗೋಸ್ಕರ ಆಗಿದ್ರೆ ಕಟ್ಟೆ ಮುಂದೆ ಎದ್ದು ನಿಲ್ಲೋಕೆ ಮುಂಚೆ ಅವನನ್ನೇ ಒಂದು ಮಾತು ಕೇಳ್ತಿದ್ದೆ. ಮಾವ, ಹೇಳ್ಲಾ ಬ್ಯಾಡ್ವಾ ಅಂತ. ಕೇಳಲೇ ಇಲ್ಲ. ನನ್ನ ಎದೆ ಭಾರ ನನಗೆ ಹೊರಾಕೆ ಆಗ್ಲಿಲ್ಲ, ಇಳಿಸಿಬಿಟ್ಟೆ. ಎಲ್ಲಿ ಇಳಿಸ್ತೀನಿ ಅಂತ ನೋಡಲಿಲ್ಲ.

ಮಾರ್ಚ್ 2, ಭಾನುವಾರ

ಹೊಸ ಕಿಲಾರಿ ಬಾಲರಾಜು ಅಂತ, ಚಿಕ್ಕ ವಯಸ್ಸು, ಒಳ್ಳೆಯೋನು. ರೊಪ್ಪದೊಳಗೆ ಅಮರೇಶನಿಗೆ ಮಾತ್ರ ಬಿಟ್ಟ, ಅದೂ ಕೈಕಾಲು ತೊಳೆದ ಮೇಲೆ. ನಾನು ಬೇಲಿ ಹೊರಗಿಂದ ಅಳತೆ ಹೇಳಬೇಕು. ಮಾವನೂ ಬಂದಿದ್ದ. ಬರಬ್ಯಾಡ ಅಂತ ಅವ್ವ ಎಷ್ಟು ಹೇಳಿದ್ರೂ ಕೇಳಿಲ್ಲ. "ಮಿಷನ್ ಸದ್ದಿಗೆ ಬೆದರ್ತವೆ" ಅಂದ್ನಂತೆ. ಅವನೂ ಬೇಲಿ ಹೊರಗೇ ನಿಂತ, ನನ್ನ ಪಕ್ಕ.

ದನಾನ ರೊಪ್ಪದ ಆ ಮೂಲೆಗೆ ಹೊಡಕಂಡು ಹೋದ್ರೆ ಕಂಬಿ ಕೊಯ್ಯಬಹುದಿತ್ತು. ಬಾಲರಾಜು ಕೂಗಿದ, ಕೈ ಬೀಸಿದ. ಒಂದೂ ಆ ಕಡೆ ಹೋಗ್ಲಿಲ್ಲ. ಎಲ್ಲಾ ಬಂದು ನಾವು ನಿಂತ ಬೇಲಿಗೆ ಒತ್ತರಿಸಿ ನಿಂತವು. ಮುಳ್ಳು ಚುಚ್ತಿದ್ರೂ ಮೂತಿ ಈಚೆ ಚಾಚಿದ್ವು. ಮಾವ ಮುಟ್ಟಲಿಲ್ಲ. ಕೈ ಎರಡೂ ಕಂಬಳಿ ಒಳಗೆ ಇಟ್ಕಂಡ. "ಹೋಗ್ರಿ, ಅತ್ಲಾಗೆ ಹೋಗ್ರಿ" ಅಂದ. ಅವನ ದನಿ ಕೇಳಿ ಹಿಂದಿದ್ದವೂ ನುಗ್ಗಿ ಬಂದವು.

ಬಾಲರಾಜು ಕೆಲಸ ನಿಲ್ಲಿಸಿ ಮಾವನ ಮುಖ ನೋಡಿದ. ಮಾವನಿಗೆ ತಿಳೀತು. ತಿರುಗಿ ನಡೆದ. ಹಳ್ಳದ ಕಡೆ, ಹಿಂದಕ್ಕೆ ನೋಡದಂಗೆ. ಒಂದು ಹಸು ಕೂಗ್ತು, ಇನ್ನೊಂದು ಕೂಗ್ತು. ನಿಲ್ಲಲಿಲ್ಲ ಅವನು. ಕಣ್ಣಿಗೆ ಕಾಣದಂಗೆ ಆಗೋತನಕ ಒಂದೂ ಬೇಲಿ ಬಿಡಲಿಲ್ಲ. ಆಮೇಲೆ ಬಾಲರಾಜು ಹೇಳ್ದಂಗೆ ಕೇಳಿದ್ವು.

ಹಳೇ ಪಟ್ಟಿ ಕೊಯ್ದು ಹೊಸದು ಬೆಸೆದ್ವಿ. ನಾನು ಹೊರಗಿಂದಲೇ ಟೇಪು ಚಾಚಿ ಮೇಲೆ ಕೆಳಗೆ ಎರಡೂ ಕಡೆ ಅಳೆಸಿದೆ. ಸರಿಯಾಗಿತ್ತು. ಬಾಲರಾಜು ಶೇಂಗಾ ಹೊಟ್ಟು ಹಾಕಿದ, ತಿನ್ನಾಕೆ ಶುರು ಮಾಡಿದ್ವು.

ಮಾವನ್ನ ಹುಡುಕ್ಕಂಡು ಹೋದೆ. ಹಳ್ಳದ ಆಚೆ ಜಾಲಿ ಗಿಡದ ಹಿಂದೆ, ರೊಪ್ಪಕ್ಕೆ ಕಾಣದಂಗೆ ಕುಂತಿದ್ದ.

"ಆತಾ?" ಅಂದ.

"ಆತು ಮಾವ."

"ತಿಂತಾ ಅವಾ?"

"ತಿಂತಾ ಅವೆ. ಬಾ, ಮನೆಗೆ ಹೋಗಾನ. ದಾರಿ ರೊಪ್ಪದ ಪಕ್ಕದಾಗೇ ಅಲ್ವಾ."

"ಅದಕ್ಕೇ ಕಣವ್ವ" ಅಂದ. "ನೀನು ನಡಿ. ಅವು ತಿಂದು ಮುಗಿಸ್ಲಿ, ಆಮೇಲೆ ಬರ್ತೀನಿ. ಈಗ ಬಂದ್ರೆ ಮೇವು ಬಿಟ್ಟು ಬರ್ತವೆ."

ನಾನು ಹೋಗ್ಲಿಲ್ಲ. ಅವನ ಪಕ್ಕ ಕುಂತ್ಕಂಡೆ.